ಸಿ ಸೆಕ್ಷನ್ ಬಸ್ಸು ಹತ್ತಿದ ವರ್ಷ

ಕಳೆದ ತಿಂಗಳು ಒಂದು ಮದುವೆಗೆಂದು ವಿಶಾಖಪಟ್ಟಣಕ್ಕೆ ಹೋಗಿದ್ದೆ. ದ್ವಾರಕಾ ನಗರದಲ್ಲಿ ಯಾವುದೋ ಕಾಗದದ ಪ್ರತಿ ತೆಗೆಸಲು ಜೆರಾಕ್ಸ್ ಅಂಗಡಿಯೊಂದರ ಮೆಟ್ಟಿಲು ಹತ್ತಿದರೆ, ಯಂತ್ರದಿಂದ ಆಗಷ್ಟೇ ಹೊರಬಿದ್ದ ಬಿಸಿ ಕಾಗದದ ವಾಸನೆ ಮೂಗಿಗೆ ಬಡಿಯಿತು. ಯಾಕೆ ಬಂದೆ ಎನ್ನುವುದೇ ಒಂದು ಕ್ಷಣ ಮರೆತುಹೋಯಿತು. ನನ್ನ ಮುಂದಿದ್ದ ಇಬ್ಬರು ಹುಡುಗಿಯರು ಸಂದರ್ಶನಕ್ಕೆ ಹೊರಟವರೆಂದು ನೋಡಿದ ಕೂಡಲೇ ಗೊತ್ತಾಯಿತು. ಕೈಯಲ್ಲಿ ಹೊಸ ಫೈಲು, ತುಟಿಯಲ್ಲಿ ಮಣಮಣ. ಇಂಥದೇ ಅಂಗಡಿಯಲ್ಲಿ ಮಾರುತ್ತಿದ್ದ ನಾಲ್ಕು ಹಾಳೆಗಳ ಜೊತೆ ನಾನೊಮ್ಮೆ ವರ್ಷಪೂರ್ತಿ ಗುದ್ದಾಡಿದ್ದೆ. ಬೆಳಿಗ್ಗೆ ಎದ್ದು ಅಷ್ಟು ಹುರುಪಿನಿಂದ ಕೆಲಸಕ್ಕೆ ಓಡಿದ ವರ್ಷ ನನ್ನ ಪಾಲಿಗೆ ಇನ್ನೊಂದು ಬರಲಿಲ್ಲ.

ಅದು 2017ರ ಜೂನ್. ನನಗೆ ಇಪ್ಪತ್ತಾರು. ಗದಗಿನವಳು, ಎಂ.ಕಾಂ. ಮುಗಿಸಿ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುತ್ತಿದ್ದೆ. ವಿಶಾಖಪಟ್ಟಣದ ಹೊರವಲಯದಲ್ಲಿ, ಪೆಂಡುರ್ತಿಯ ಆಚೆಗಿದ್ದ ಒಂದು ಖಾಸಗಿ ಕಾಲೇಜು ಬಿಬಿಎ ಕೊನೆಯ ವರ್ಷದವರಿಗೆ 'ಉದ್ಯೋಗ ಕೌಶಲ' ಹೇಳಿಕೊಡಲು ಒಂದು ವರ್ಷದ ಮಟ್ಟಿಗೆ ಜನ ಬೇಕೆಂದು ಜಾಹೀರಾತು ಕೊಟ್ಟಿತ್ತು. ಸಮುದ್ರ ಇರುವ ಊರು ಎಂಬ ಒಂದೇ ಕಾರಣಕ್ಕೆ ಅರ್ಜಿ ಹಾಕಿದೆ. ಅವರು ಬಾ ಎಂದರು.

ತೆಲುಗು ನನಗೆ ಬರುತ್ತಿರಲಿಲ್ಲ. ಮೊದಲ ದಿನ ಪ್ಲೇಸ್‌ಮೆಂಟ್ ಅಧಿಕಾರಿ ಮೂರ್ತಿಯವರ ಕೋಣೆಯ ಬಾಗಿಲಲ್ಲಿ ನಿಂತಾಗ ಅವರು ಫೋನಿನಲ್ಲಿ ಮಾತಾಡುತ್ತಲೇ ಕೈ ಎತ್ತಿ, "ಉಂಡಂಡಿ" ಎಂದರು. ಬಂದವರ ಊಟವನ್ನು ಮೊದಲು ವಿಚಾರಿಸುವ ಜನ ಎಂದು ನನಗೆ ಖುಷಿಯಾಗಿ, ನನ್ನ ಊಟ ಆಯಿತು ಸರ್ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಹೇಳಿದ್ದು 'ಸ್ವಲ್ಪ ಇರಿ' ಎಂದು. ಮಧ್ಯಾಹ್ನದೊಳಗೆ ಈ ಸುದ್ದಿ ಇಡೀ ಕಾಲೇಜಿಗೆ ಹಬ್ಬಿತ್ತು.

ಬಿಬಿಎಗೆ ಮೂರು ಸೆಕ್ಷನ್ನುಗಳಿದ್ದವು. ಇಂಗ್ಲಿಷ್ ಚೆನ್ನಾಗಿ ಬರುವವರು ಎ, ತಕ್ಕಮಟ್ಟಿಗೆ ಬರುವವರು ಬಿ. ಹೆಚ್ಚಾಗಿ ಹಳ್ಳಿಗಳಿಂದ ಬಂದ, ತೆಲುಗು ಮಾಧ್ಯಮದಲ್ಲಿ ಓದಿದ ಇಪ್ಪತ್ಮೂರು ಮಂದಿ ಸಿ. ನನಗೆ ಸಿಕ್ಕಿದ್ದು ಸಿ ಸೆಕ್ಷನ್, ಊಟವಾದ ಮೇಲಿನ ಎರಡು ಪೀರಿಯಡ್ಡು, ಪರೀಕ್ಷೆಯಲ್ಲಿ ಅಂಕವಿಲ್ಲದ ವಿಷಯ. ಮೊದಲ ತರಗತಿಯಲ್ಲೇ ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ನಿಮ್ಮ ಬಗ್ಗೆ ಹೇಳಿ ಎಂದೆ. ಮುಂದಿನ ಬೆಂಚಿನಲ್ಲಿದ್ದ ಶ್ರೀನು ಎದ್ದು ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಒಪ್ಪಿಸಿದ. ತಾನು ಶ್ರಮಜೀವಿ, ತಂದೆಯೇ ತನ್ನ ಆದರ್ಶ, ಎಲ್ಲರನ್ನೂ ಬೇಗ ನಂಬಿಬಿಡುವುದು ತನ್ನ ದೌರ್ಬಲ್ಯ. ಎರಡನೆಯವಳು ಅದನ್ನೇ ಹೇಳಿದಳು. ಮೂರನೆಯವನೂ ಅದನ್ನೇ. ಹದಿನಾಲ್ಕನೆಯವರ ಹೊತ್ತಿಗೆ ಅದು ನನಗೂ ಬಾಯಿಪಾಠವಾಗಿತ್ತು. ಎಲ್ಲರ ಪುಸ್ತಕದೊಳಗೂ ಸಂದರ್ಶನದ ಸಿದ್ಧ ಉತ್ತರಗಳಿದ್ದ, ಜೆರಾಕ್ಸ್ ಅಂಗಡಿಯ ಆ ನಾಲ್ಕು ಹಾಳೆಗಳಿದ್ದವು.

ದ್ವಾರಕಾ ನಗರದ ಹಿಂದಿನ ಬೀದಿಯಲ್ಲಿ ಸಾವಿತ್ರಕ್ಕನ ಮನೆಯ ಮಹಡಿಯಲ್ಲಿ ನನ್ನ ವಾಸ. ಅಕ್ಕ ದಾವಣಗೆರೆಯವರು. ತೆಲುಗು ಮನೆಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷವಾಗಿತ್ತು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತೇ ಹೊರತು ಬಾಯಿಗೆ ಬರುತ್ತಿರಲಿಲ್ಲ. ಹಾಗಾಗಿ ಸಂಜೆ ನಾನು ಬರುವುದನ್ನೇ ಕಾಯುತ್ತಿದ್ದರು. ಅವತ್ತು ನನ್ನ ಮುಖ ನೋಡಿ ಕಾಫಿ ಲೋಟ ಮುಂದೆ ಇಟ್ಟರು.

"ಯಾಕಮ್ಮ, ಮುಖ ಹಂಗ್ ಮಾಡ್ಕಂಡಿದ್ದೀಯ?"

"ಅಲ್ರೀ ಅಕ್ಕಾ, ಇಪ್ಪತ್ಮೂರು ಮಂದಿಗೂ ಒಂದ ಗುಣ, ಒಂದ ದೋಷ. ಯಾರ ಅಪ್ಪ ಯಾರು ಅನ್ನೂದೂ ತಿಳೀವಲ್ತು. ಏನ್ ಕಲಿಸ್ಲಿ ನಾ ಇವರಿಗೆ?"

ಅಕ್ಕ ನಕ್ಕರು. "ನಿನ್ನ ಬಗ್ಗೆ ಹೇಳು ಅಂದ್ರೆ ಯಾರಿಗ್ ಬರುತ್ತೆ ಹೇಳು. ನಾನು ಮದುವೆಯಾಗಿ ಬಂದಾಗ ಒಂದಕ್ಷರ ತೆಲುಗು ಬರ್ತಿರ್ಲಿಲ್ಲ. ನಮ್ಮತ್ತೆ ದಿನಾ ಸಂಜೆ ಕೂರಿಸ್ಕಂಡು, 'ಇವ್ವಾಳ ಏಂ ಚೇಶಾವಮ್ಮಾ?' ಅಂತ ಕೇಳೋರು. ಇವತ್ತು ಏನ್ ಮಾಡಿದೆ ಅಂತ. ಸೊಪ್ಪು ಬಿಡಿಸ್ದೆ, ಬಾವಿ ಹತ್ರ ಜಾರಿ ಬಿದ್ದೆ, ಅಷ್ಟು ಹೇಳೋಕೇ ಅರ್ಧ ಗಂಟೆ ಆಗೋದು. ಆದ್ರೆ ಅದು ನಂದು ಕದಾ, ನಂದೇ ಅಲ್ವಾ. ಹೇಳ್ಬೇಕು ಅನ್ಸೋದು."

ಮರುದಿನ ನಾನು ಇಪ್ಪತ್ಮೂರು ಮಂದಿಯಿಂದಲೂ ಆ ಹಾಳೆಗಳನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೆ ಒಂದು ಒಪ್ಪಂದ ಮಾಡಿಕೊಂಡೆವು. ಮೊದಲ ಪೀರಿಯಡ್ಡಿನಲ್ಲಿ ನಾನು ನನ್ನ ನಿನ್ನೆಯ ದಿನವನ್ನು ತೆಲುಗಿನಲ್ಲಿ ಹೇಳುವುದು, ಅವರು ಎಷ್ಟು ಬೇಕಾದರೂ ನಗಬಹುದು. ಎರಡನೆಯ ಪೀರಿಯಡ್ಡಿನಲ್ಲಿ ಅವರು ತಮ್ಮ ನಿನ್ನೆಯನ್ನು ಇಂಗ್ಲಿಷಿನಲ್ಲಿ ಹೇಳುವುದು, ಯಾರೂ ನಗಬಾರದು.

ನಾನೇ ಮೊದಲು ಎದ್ದೆ. 'ನಾನು ಹೇಳುತ್ತೇನೆ' ಎನ್ನಲು ಹೋಗಿ "ನೇನು ಚೆಪ್ಪುಲು" ಎಂದುಬಿಟ್ಟೆ. ನಾನು ಚಪ್ಪಲಿ ಎಂದಂತಾಯಿತು. ಶ್ರೀನು ಬೆಂಚು ಬಡಿದು ನಕ್ಕ, ಕಿಟಕಿಯಾಚೆ ಹೋಗುತ್ತಿದ್ದವರೂ ನಿಂತು ಇಣುಕಿದರು. ನಾನು ಬಿಡಲಿಲ್ಲ. ಬಸ್ಸಿನಲ್ಲಿ ನಿಂತದ್ದು, ಮಳೆಯಲ್ಲಿ ಛತ್ರಿ ಮುರಿದದ್ದು, ಸಾವಿತ್ರಕ್ಕನ ಗೋಂಗೂರ ಪಚ್ಚಡಿ ತಿಂದು ಕಣ್ಣಲ್ಲಿ ನೀರು ಬಂದದ್ದು, ಎಲ್ಲವನ್ನೂ ಎಡವುತ್ತ ಹೇಳಿ ಮುಗಿಸಿದೆ. ಎರಡನೆಯ ಪೀರಿಯಡ್ಡಿನಲ್ಲಿ ಶ್ರೀನುವನ್ನೇ ಕರೆದೆ. ಮೂರು ವಾಕ್ಯಕ್ಕೆ ಅವನು ಬೆವತುಹೋದ. ಯಾರೂ ನಗಲಿಲ್ಲ. ನಾಲ್ಕನೆಯ ವಾಕ್ಯವನ್ನು ಇಡೀ ತರಗತಿ ಸೇರಿ ಅವನಿಗೆ ಕಟ್ಟಿಕೊಟ್ಟಿತು.

ಹಾಗೆ ಮಳೆಗಾಲ ಕಳೆಯಿತು. ಶ್ರೀನು ಮೀನು ಬಂದರಿನವನೆಂದೂ, ಬೆಳಗಿನ ಹರಾಜಿನಲ್ಲಿ ಚಿಕ್ಕಪ್ಪನ ಪರವಾಗಿ ಕೂಗುವವನು ಅವನೇ ಎಂದೂ ಗೊತ್ತಾಯಿತು. ನಿನ್ನೆ ಏನು ಮಾಡಿದೆ ಎಂಬ ಪ್ರಶ್ನೆಯೊಳಗೆ ಇಷ್ಟೆಲ್ಲ ಅಡಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ದಿನವೂ ಏನೋ ಸಿಗುತ್ತಿತ್ತು. ಬೆಳಗಿನ ಬಸ್ಸಿನಲ್ಲಿ ಕೂತು ಇವತ್ತು ಯಾರಿಂದ ಏನು ಹೊರಬೀಳುತ್ತದೋ ಎಂದು ಕಾಯುತ್ತಿದ್ದೆ.

ನಾಗಮಣಿಯ ಬಾಯಿ ಮಾತ್ರ ಸೆಪ್ಟೆಂಬರ್ ಬಂದರೂ ತೆರೆಯಲಿಲ್ಲ. ಅಚ್ಯುತಾಪುರಂ ಕಡೆಯ ಒಂದು ಹಳ್ಳಿಯವಳು, ಕಾಲೇಜಿನ ಪಕ್ಕದ ಹಾಸ್ಟೆಲಿನಲ್ಲಿದ್ದಳು. ಮೂಲೆಯಲ್ಲಿ ಕೂತು ಫೋನನ್ನು ಸೆರಗಿನಂತೆ ಹಿಡಿದ ದುಪಟ್ಟಾದೊಳಗೆ ಮುಚ್ಚಿಕೊಂಡು ನೋಡುತ್ತಿರುತ್ತಿದ್ದಳು. ಒಂದು ಸೋಮವಾರ ಗದರಿಯೇ ಕೇಳಿದೆ, "ನಿನ್ನೆ ಏನು ಮಾಡಿದೆ ನಾಗಮಣಿ?"

"ಏಮೀ ಲೇದು ಮೇಡಂ." ಏನೂ ಇಲ್ಲ ಎಂದಳು. ಆಮೇಲೆ ತೆಲುಗಿನಲ್ಲೇ ಸೇರಿಸಿದಳು, "ಊರಿಗೆ ಹೋಗಿದ್ದೆ. ಆಟೋ ಚಾರ್ಟು ಹಾಕಿ ಬಂದೆ."

"ಯಾವ ಆಟೋ?"

ಅವಳು ಹೇಳುತ್ತ ಹೋದಂತೆ ನಾನು ಮೇಜಿಗೆ ಒರಗಿ ನಿಂತುಬಿಟ್ಟೆ. ಅವಳ ತಾಯಿಯೂ ಸೇರಿ ಊರಿನ ಮೂವತ್ತೊಂದು ಹೆಂಗಸರು ಅಚ್ಯುತಾಪುರಂನ ಕಾರ್ಖಾನೆಗಳಿಗೆ ಹೋಗುತ್ತಿದ್ದರು. ಮೂರು ಪಾಳಿ, ವಾರಕ್ಕೊಮ್ಮೆ ಬದಲಾಗುತ್ತಿತ್ತು. ಊರಿಗೆ ಇದ್ದದ್ದು ಮೂರೇ ಆಟೋ. ಮುಂಚೆ ಎಲ್ಲರೂ ಒಟ್ಟಿಗೆ ನುಗ್ಗಿ, ಜಾಗ ಸಿಗದವರು ಉಳಿದುಹೋಗುತ್ತಿದ್ದರು. ತಡವಾದರೆ ಗೇಟು ಮುಚ್ಚುತ್ತದೆ, ಅವತ್ತಿನ ಕೆಲಸ ಹೋಯಿತು. ನಾಗಮಣಿ ಎರಡು ವರ್ಷದ ಹಿಂದೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು, ಆಟೋಗೊಂದು ಬಣ್ಣ, ಓದಲು ಬಾರದ ಹೆಂಗಸರಿಗೆ ಒಬ್ಬೊಬ್ಬರಿಗೆ ಒಂದೊಂದು ಗುರುತು ಹಾಕಿ, ಯಾರು ಯಾವ ಆಟೋದಲ್ಲಿ ಎಷ್ಟು ಹೊತ್ತಿಗೆ ಹತ್ತಬೇಕೆಂದು ಬರೆದಳು. ಮೂವರು ಡ್ರೈವರುಗಳನ್ನೂ ಕೂರಿಸಿಕೊಂಡು ಒಪ್ಪಿಸಿದಳು. ಪ್ರತಿ ಭಾನುವಾರ ಹೊಸ ಚಾರ್ಟು. ವಾರದ ದಿನಗಳಲ್ಲಿ ಏನಾದರೂ ಎಡವಟ್ಟಾದರೆ ಹಾಸ್ಟೆಲಿನಿಂದಲೇ ಫೋನಿನಲ್ಲಿ ಸರಿಪಡಿಸುತ್ತಿದ್ದಳು. ನನ್ನ ತರಗತಿಯಲ್ಲಿ ದುಪಟ್ಟಾದ ಕೆಳಗೆ ನಡೆಯುತ್ತಿದ್ದದ್ದು ಅದೇ.

"ಇದನ್ನ ರೆಸ್ಯೂಮೆಯಲ್ಲಿ ಯಾಕೆ ಬರೆದಿಲ್ಲ?"

"ಅದು ಕೆಲಸ ಅಲ್ಲವಲ್ಲ ಮೇಡಂ. ಮನೆ ವಿಷಯ."

ಅವತ್ತೇ ಎಲ್ಲರ ರೆಸ್ಯೂಮೆಗಳನ್ನೂ ಹರಿದು ಹೊಸದಾಗಿ ಬರೆಯಲು ಕೂತೆವು. ಶ್ರಮಜೀವಿ ಎಂಬ ಪದ ಇರಕೂಡದು. ಏನು ಮಾಡಿದಿರಿ, ಎಷ್ಟು ಜನರಿಗೆ, ಎಷ್ಟು ದಿನದಿಂದ, ಅಷ್ಟೇ ಇರಬೇಕು. ದಸರಾ ರಜೆಗೆ ನಾನು ಗದಗಿಗೆ ಹೋಗಲಿಲ್ಲ. ಅವರೂ ಬಹಳ ಜನ ಹೋಗಲಿಲ್ಲ.

ಜನವರಿ ಕೊನೆಯಲ್ಲಿ ಸುದ್ದಿ ಬಂತು. ಫೆಬ್ರವರಿಯಲ್ಲಿ ವಿಜಯವಾಡದ ಒಂದು ಕಾಲೇಜಿನಲ್ಲಿ ಹಲವು ಕಂಪನಿಗಳು ಸೇರಿ ಸಂದರ್ಶನ ನಡೆಸುತ್ತವೆ, ನಮ್ಮ ಕಾಲೇಜಿನಿಂದಲೂ ಮಕ್ಕಳನ್ನು ಕಳಿಸಬಹುದು. ನೋಟಿಸ್ ಬೋರ್ಡಿನಲ್ಲಿ ಹೆಸರುಗಳ ಪಟ್ಟಿ ಬಿತ್ತು. ಎ ಮತ್ತು ಬಿ ಮಾತ್ರ. ನಾನು ಓಡುತ್ತಲೇ ಮೂರ್ತಿಯವರ ಕೋಣೆಗೆ ಹೋದೆ.

"ಕೂತ್ಕೊಳ್ಳಿ ಮೇಡಂ," ಎಂದರು ಅವರು, ಇಂಗ್ಲಿಷಿನಲ್ಲಿ. "ನಿಮ್ಮ ಮಕ್ಕಳ ಮೇಲೆ ನನಗೆ ಕೋಪ ಇಲ್ಲ. ಈ ಕಂಪನಿಗಳನ್ನು ಕರೆತರಲು ನಾನು ಆರು ವರ್ಷ ಅಲೆದಿದ್ದೇನೆ. ಒಮ್ಮೆ ನಮ್ಮ ಕಾಲೇಜಿನ ಇಪ್ಪತ್ತು ಮಂದಿ ಬಾಯಿ ಬಿಡದೆ ಕೂತರು ಅಂದರೆ ಮುಂದಿನ ವರ್ಷ ಎ ಸೆಕ್ಷನ್ನನ್ನೂ ಅವರು ಕರೆಯುವುದಿಲ್ಲ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ, "ಒಬ್ಬರೂ ಆಯ್ಕೆಯಾಗದಿದ್ದರೆ ನನ್ನ ಕೆಲಸ ಮುಂದುವರಿಸಬೇಡಿ. ಈಗಲೇ ಬರೆದುಕೊಡುತ್ತೇನೆ" ಎಂದೆ.

"ಬರೆದುಕೊಟ್ಟು ಏನು ಮಾಡಲಿ," ಎಂದು ಅವರು ಕನ್ನಡಕ ತೆಗೆದು ಒರೆಸಿದರು. "ಎರಡು ದಿನ ನಾನೇ ಕೂತು ಒಬ್ಬೊಬ್ಬರನ್ನೂ ನೋಡುತ್ತೇನೆ. ನನಗೆ ಒಪ್ಪಿಗೆಯಾದವರು ಬರಲಿ."

ಆ ಎರಡು ದಿನ ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ ಉಗುರು ಕಚ್ಚುತ್ತ ಕೂತಿದ್ದೆ. ಶ್ರೀನು ಒಳಗೆ ಹೋಗಿ ಹತ್ತು ನಿಮಿಷವಾದರೂ ಬರಲಿಲ್ಲ. ತಾಜಾ ಮೀನು ಗುರುತಿಸುವುದು ಹೇಗೆ ಎಂದು ಮೂರ್ತಿಯವರು ಸುಮ್ಮನೆ ಕೇಳಿದ್ದರಂತೆ. ಅವನು ಕಿವಿರು, ಕಣ್ಣು, ಹೊಟ್ಟೆ ಎಂದು ತನ್ನ ಮುರುಕು ಇಂಗ್ಲಿಷಿನಲ್ಲಿ ಎಷ್ಟು ವಿವರವಾಗಿ ಹೇಳಿದನೆಂದರೆ, ಅವರು ಆ ಭಾನುವಾರ ಚೀಲ ಹಿಡಿದು ಬಂದರಿಗೇ ಹೋದರು. ಎರಡನೆಯ ಸಂಜೆ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರಿಗೆ ಗುರುತು ಬಿದ್ದಿತ್ತು. ಮೂರ್ತಿಯವರು ಅದನ್ನು ಇನ್ನೊಮ್ಮೆ ನೋಡಿ, "ಎರಡನೇ ಬಸ್ಸು ಹೇಗೂ ಮಾಡಬೇಕು. ನಾಲ್ಕು ಜನರನ್ನು ಬಿಟ್ಟು ಹೋಗುವುದು ಯಾಕೆ" ಎಂದು ಉಳಿದವರಿಗೂ ಗುರುತು ಹಾಕಿದರು. ನಾನು ಆ ಹಾಳೆ ಹಿಡಿದು ತರಗತಿಗೆ ಓಡಿದಾಗ ಮಕ್ಕಳು ಎಬ್ಬಿಸಿದ ಗದ್ದಲಕ್ಕೆ ಪಕ್ಕದ ಕೋಣೆಯ ಪಾಠ ನಿಂತಿತು.

ಸಂದರ್ಶನದ ಹಿಂದಿನ ದಿನ ಬೆಳಿಗ್ಗೆಯೇ ಹೊರಟೆವು. ಇಡೀ ದಾರಿ ಹಾಡು, ಹಂಚಿಕೊಂಡ ಪುಳಿಹೋರ, ಮಡಿಕೆ ಕೆಡಬಾರದೆಂದು ಬಸ್ಸಿನ ಕಂಬಿಗೆ ನೇತುಹಾಕಿದ ಇಸ್ತ್ರಿ ಮಾಡಿದ ಅಂಗಿಗಳು. ಸಂಜೆ ವಿಜಯವಾಡದಲ್ಲಿ ಇಳಿದಾಗ ಬಿಸಿಲು ಇನ್ನೂ ಕಾಯುತ್ತಿತ್ತು, ಫೆಬ್ರವರಿಗೇ ಅಲ್ಲಿ ಬೇಸಿಗೆ ಬಂದಿತ್ತು. ನದಿಗೆ ಅಡ್ಡ ಕಟ್ಟಿದ ಬ್ಯಾರೇಜಿನ ಮೇಲೆ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿದೆ. ಕೃಷ್ಣೆಯ ಕಡೆ ಮುಖ ಮಾಡಿ, ಗಾಳಿಗಿಂತ ಜೋರಾಗಿ ನಿಮ್ಮ ಹೆಸರು, ನೀವು ಮಾಡಿದ ಒಂದು ಕೆಲಸ ಹೇಳಿ ಎಂದೆ. ಇಪ್ಪತ್ಮೂರು ಮಂದಿ ನದಿಗೆ ಕೂಗಿ ಹೇಳಿದರು. ಹೋಗುವವರೆಲ್ಲ ನಿಂತು ನೋಡಿದರು. ನಾಗಮಣಿಯ ದನಿಯನ್ನು ಅವತ್ತು ಮೊದಲ ಬಾರಿಗೆ ಅಷ್ಟು ದೂರದಿಂದ ಕೇಳಿದೆ.

ಮರುದಿನ ಅವಳ ಸರದಿ ಮಧ್ಯಾಹ್ನ ಬಂತು. ಸರಕು ಸಾಗಣೆಯ ಒಂದು ಕಂಪನಿ, ಮಾರಾಟ ವಿಭಾಗದ ತರಬೇತಿ ಹುದ್ದೆ. ಒಂದೂವರೆ ಗಂಟೆಗೆ ಕಾರಿಡಾರಿನಲ್ಲಿ ಕಾಯುತ್ತಿದ್ದಾಗ ಅವಳ ಫೋನು ಅದುರಿತು. ಊರಿನಿಂದ. ಒಂದು ಆಟೋದ ಕ್ಲಚ್ ವೈರು ತುಂಡಾಗಿದೆ, ಎರಡು ಗಂಟೆಯ ಪಾಳಿಯ ಒಂಬತ್ತು ಹೆಂಗಸರು ರಸ್ತೆಯಲ್ಲಿ ನಿಂತಿದ್ದಾರೆ, ಅದರಲ್ಲಿ ಅವಳ ತಾಯಿಯೂ ಇದ್ದಾಳೆ. ಅದೇ ಹೊತ್ತಿಗೆ ಬಾಗಿಲಲ್ಲಿದ್ದ ಹುಡುಗಿ ನಾಗಮಣಿಯ ಹೆಸರು ಕೂಗಿದಳು.

"ಹೋಗು," ಎಂದೆ. "ಆಮೇಲೆ ನೋಡೋಣ."

"ಆಮೇಲೆ ಗೇಟು ಮುಚ್ಚುತ್ತೆ ಮೇಡಂ," ಎಂದಳು. ಬಾಗಿಲ ಹುಡುಗಿಗೆ, "ಐದು ನಿಮಿಷ" ಎಂದು ಬೆರಳು ತೋರಿಸಿ ಗೋಡೆಯ ಕಡೆ ತಿರುಗಿದಳು. ಮೂರ್ತಿಯವರು ತಲೆಯ ಮೇಲೆ ಕೈ ಇಟ್ಟುಕೊಂಡರು.

ಬೆಳಗಿನ ಪಾಳಿಯವರನ್ನು ಕರೆತರಲು ಇನ್ನೊಂದು ಆಟೋ ಆ ಹೊತ್ತಿಗೆ ಖಾಲಿಯಾಗಿ ಕಾರ್ಖಾನೆಯ ಕಡೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಆ ಡ್ರೈವರಿಗೆ ಫೋನು ಮಾಡಿ, ದಾರಿ ಬದಲಿಸಿ ಊರಿನ ಮೇಲೆ ಹೋಗು ಎಂದಳು. ಅವನು ಏನೋ ಗೊಣಗಿದ. "ಅಣ್ಣಾ, ಒಂಬತ್ತೂ ಜನ ನಿನ್ನ ಆಟೋದಲ್ಲೇ ಹತ್ತಲಿ. ನಾಳೆ ಬೆಳಗಿನ ಸುತ್ತಿನಲ್ಲಿ ನಿನಗೆ ಬಿಡುವು ಕೊಡ್ತೀನಿ," ಎಂದಳು. ತಾಯಿಗೆ ಫೋನು ಮಾಡಿ, ತಲುಪಿದರೆ ಫೋನು ಬೇಡ, ಆಟೋ ಬರದಿದ್ದರೆ ಮಾತ್ರ ಮಾಡಿ ಎಂದಳು. ಆಮೇಲೆ ಫೋನನ್ನು ನನ್ನ ಕೈಗಿಟ್ಟು, ಮುಖ ಒರೆಸಿಕೊಂಡು ಒಳಗೆ ಹೋದಳು.

ಬಾಗಿಲು ಅರ್ಧ ತೆರೆದೇ ಇತ್ತು. ಒಳಗಿದ್ದವರು ಐವತ್ತರ ಆಸುಪಾಸಿನ ಗಂಡಸು. ಯಾಕೆ ತಡ ಎಂದು ಇಂಗ್ಲಿಷಿನಲ್ಲಿ ಬಿಗಿಯಾಗಿ ಕೇಳಿದರು. ನಾಗಮಣಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ವ್ಯಾಕರಣ ಅಲ್ಲಲ್ಲಿ ಮುರಿಯಿತು. ಆದರೆ ಮೂರು ಆಟೋ, ಮೂವತ್ತೊಂದು ಜನ, ಯಾರು ಎಲ್ಲಿ, ಎಷ್ಟು ಹೊತ್ತಿಗೆ ಎನ್ನುವುದರಲ್ಲಿ ಒಂದೂ ತಪ್ಪಲಿಲ್ಲ.

"ಈಗ ಅವರು ತಲುಪಿದ್ದಾರಾ?"

"ಇಲ್ಲ ಸರ್. ಎರಡು ಗಂಟೆಗೆ ತಲುಪುತ್ತಾರೆ."

"ನಿನಗೆ ಹೇಗೆ ಗೊತ್ತಾಗುತ್ತೆ?"

"ನೋ ಕಾಲ್ ಸರ್. ನೋ ಕಾಲ್ ಮೀನ್ಸ್ ರೀಚ್ಡ್."

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಚಾರ್ಟಿನ ಬಗ್ಗೆ ಒಂದರ ಮೇಲೊಂದು ಪ್ರಶ್ನೆ. ಒಬ್ಬ ಡ್ರೈವರು ರಜೆ ಹಾಕಿದರೆ? ಮಳೆಗೆ ರಸ್ತೆ ಕಟ್ಟಿದರೆ? ಅವಳು ಮೇಜಿನ ಮೇಲೆ ಬೆರಳಿನಿಂದಲೇ ದಾರಿ ಬರೆದು ತೋರಿಸಿದಳು. ಎರಡೂ ಹತ್ತಕ್ಕೆ ಅವರು ಗಡಿಯಾರ ನೋಡಿ, "ಹೋಗಿ ಫೋನು ನೋಡಿಕೊಂಡು ಬಾ" ಎಂದರು. ಅವಳು ಹೊರಗೆ ಓಡಿಬಂದಳು. ನನ್ನ ಕೈ ಬೆವರಿಗೆ ಫೋನಿನ ಗಾಜು ಮಬ್ಬಾಗಿತ್ತು. ಒರೆಸಿ ತೋರಿಸಿದೆ. ಯಾರೂ ಮಾಡಿರಲಿಲ್ಲ. ಅವಳು ಬಾಗಿಲಲ್ಲೇ ನಿಂತು, "ನೋ ಕಾಲ್ ಸರ್" ಎಂದಳು. ಕಾರಿಡಾರಿನಲ್ಲಿ ಕಾಯುತ್ತಿದ್ದ ನಮ್ಮ ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಮೂರ್ತಿಯವರು ಸುಮ್ಮನಿರಿ ಎಂದು ಗದರುತ್ತ ತಾವೇ ಹೊಡೆಯುತ್ತಿದ್ದರು.

ಸಂಜೆ ಆಯ್ಕೆಯಾದವರ ಪಟ್ಟಿ ಅಂಟಿಸಿದಾಗ ಸಿ ಸೆಕ್ಷನ್ನಿನ ಆರು ಹೆಸರುಗಳಿದ್ದವು. ಶ್ರೀನುಗೆ ಒಂದು ಅಂಗಡಿ ಸರಣಿಯಲ್ಲಿ ಕೆಲಸ ಸಿಕ್ಕಿತ್ತು. ಅವನು ನನ್ನ ಕಾಲಿಗೆ ಬೀಳಲು ಬಂದು ಎಡವಿ ನಿಜವಾಗಿಯೇ ಬಿದ್ದ. ಆದರೆ ನಾಗಮಣಿಯ ಹೆಸರು ಇರಲಿಲ್ಲ. ನಾನು ಪಟ್ಟಿಯನ್ನು ಮೂರು ಸಲ ಓದಿದೆ. ಮಾರಾಟಕ್ಕೆ ಬೇಕಾದಷ್ಟು ಇಂಗ್ಲಿಷ್ ಇಲ್ಲ ಎಂದರಂತೆ.

"ಆರು ಅಂದರೆ ಬಹಳವಾಯಿತು ಮೇಡಂ," ಎಂದರು ಮೂರ್ತಿಯವರು. "ನಿಮ್ಮ ಕೆಲಸ ಉಳಿಯಿತು."

ಬಸ್ಸಿನಲ್ಲಿ ನಾಗಮಣಿ ನನ್ನ ಪಕ್ಕ ಕೂತಳು. ಸಮಾಧಾನ ಹೇಳಲು ನಾನು ಮಾತು ಹುಡುಕುತ್ತಿದ್ದೆ. ಅವಳೇ, "ಮಳೆಗೆ ರಸ್ತೆ ಕಟ್ಟಿದರೆ ಅಂತ ಕೇಳಿದರಲ್ಲ ಮೇಡಂ, ಅದನ್ನ ನಾನು ಯೋಚನೆ ಮಾಡಿರಲಿಲ್ಲ. ಅಲ್ಲೇ ಏನೋ ಹೇಳಿಬಿಟ್ಟೆ. ಇನ್ನೊಂದು ದಾರಿ ನೋಡಿಡಬೇಕು," ಎಂದು ಪುಸ್ತಕ ತೆಗೆದು ಗೆರೆ ಎಳೆಯತೊಡಗಿದಳು.

ಹನ್ನೆರಡು ದಿನಗಳ ಮೇಲೆ ಮೂರ್ತಿಯವರು ನನ್ನ ತರಗತಿಗೆ ನುಗ್ಗಿದರು. ಮಹಡಿ ಹತ್ತುವವರಲ್ಲ ಅವರು, ಮೇಲುಸಿರು ಬಿಡುತ್ತಿದ್ದರು. ಕೈಯಲ್ಲಿ ಕಂಪನಿಯ ಪತ್ರದ ಪ್ರತಿ. ಮಾರಾಟಕ್ಕಲ್ಲ, ವಿಜಯವಾಡದಲ್ಲಿ ಲಾರಿಗಳ ಓಡಾಟ ನಿಗದಿ ಮಾಡುವ ವಿಭಾಗಕ್ಕೆ ಆ ಹುಡುಗಿ ಬೇಕು, ಜೂನ್‌ನಲ್ಲಿ ಸೇರಬಹುದೇ ಎಂದು ಕೇಳಿದ್ದರು. ತರಗತಿ ಅವಳನ್ನು ಎತ್ತಿ ಕುಣಿಸಿತು. ಅವಳು ಕೆಳಗಿಳಿದು ಕೇಳಿದ ಮೊದಲ ಮಾತು, "ಊರಿನ ಚಾರ್ಟು ಯಾರು ನೋಡ್ತಾರೆ ಮೇಡಂ?"

ತಾಯಿಗೂ ಇನ್ನಿಬ್ಬರು ಹೆಂಗಸರಿಗೂ ಅದನ್ನು ಕಲಿಸಲು ಅವಳಿಗೆ ಎರಡು ತಿಂಗಳು ಹಿಡಿಯಿತು. ಕೊನೆಗೆ ಏಪ್ರಿಲಿನಲ್ಲಿ ಒಂದು ಸೋಮವಾರ ಫೋನನ್ನು ಬಂದ್ ಮಾಡಿ ನನಗೆ ಕೊಟ್ಟಳು. ತಾನೇ ಕೇಳಿದರೂ ಗುರುವಾರದ ತನಕ ಕೊಡಬೇಡಿ ಎಂದಳು. ಬುಧವಾರ ಎರಡು ಸಲ ಕೇಳಿದಳು, ನಾನು ಕೊಡಲಿಲ್ಲ. ಗುರುವಾರ ಫೋನು ಹಚ್ಚಿ ಊರಿಗೆ ಮಾತಾಡಿದಳು. ಒಂದು ದಿನ ಇಬ್ಬರಿಗೆ ತಡವಾಗಿತ್ತು, ತಾಯಿಯೇ ಡ್ರೈವರನ್ನು ದಬಾಯಿಸಿ ಸರಿಮಾಡಿದ್ದಳು. ನಾಗಮಣಿ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಒಬ್ಬಳೇ ನಿಂತಿದ್ದಳು.

ನನ್ನನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದರು. ಜುಲೈನಲ್ಲಿ ಹೊಸ ಸಿ ಸೆಕ್ಷನ್ನು ನನ್ನೆದುರು ಕೂತಿದ್ದಾಗ ವಿಜಯವಾಡದಿಂದ ನಾಗಮಣಿಯ ಫೋನು ಬಂತು. ಹೊಸಬರಿಗೂ ಕೇಳಲಿ ಎಂದು ಸ್ಪೀಕರು ಹಾಕಿ ಮೇಜಿನ ಮೇಲಿಟ್ಟೆ.

"ಮೇಡಂ, ಇಲ್ಲಿ ನಲವತ್ತು ಲಾರಿ ಇವೆ," ಎಂದು ತೆಲುಗಿನಲ್ಲಿ ಶುರುಮಾಡಿದವಳು, ಯಾವ ಲಾರಿ ಯಾವ ದಾರಿಯಲ್ಲಿ ನಿಂತಿದೆ, ನಿನ್ನೆ ರಾತ್ರಿಯ ಮಳೆಗೆ ಯಾವುದನ್ನು ಎಲ್ಲಿಂದ ತಿರುಗಿಸಿದಳು ಎಂದು ವಿವರಿಸುತ್ತ ವಿವರಿಸುತ್ತ ಇಂಗ್ಲಿಷಿಗೆ ಹೊರಳಿದ್ದಳು. ಅದು ಅವಳಿಗೆ ಗೊತ್ತಾದಂತೆ ಕಾಣಲಿಲ್ಲ. ಎಷ್ಟೋ ಹೊತ್ತು ಹಾಗೆಯೇ ಹೇಳಿದಳು. ನಾನು ಕೇಳುತ್ತಿದ್ದೆ, ಎದುರಿಗಿದ್ದವರು ಫೋನಿನ ಕಡೆ ಬಾಗಿದ್ದರು. ಅಷ್ಟರಲ್ಲಿ ಆ ಕಡೆ ಯಾರೋ ಅವಳ ಹೆಸರು ಹಿಡಿದು, ಗೇಟಿನಲ್ಲಿ ಗಾಡಿ ನಿಂತಿದೆ ಎಂದು ಕೂಗಿದರು. ಬರುತ್ತೇನೆ ಎಂದು ಕೂಡ ಹೇಳದೆ ನಾಗಮಣಿ ಫೋನಿಟ್ಟಳು.